ಮಾಂಸ ತಿನ್ನದವರು ಮಾಂಸವಿಜ್ಞಾನ ಕಲಿಸಬಹುದೆ?

ಓದುಗರ ಪ್ರಶ್ನೆ: ನಾನು ಬಿ.ವಿ.ಎಸ್ಸಿ. (ಪಶುವೈದ್ಯ ಪದವಿ) ಕೊನೆಯ ವರ್ಷದ ವಿದ್ಯಾರ್ಥಿನಿ. ಎಲ್‌ಪಿಟಿ (ಜಾನುವಾರು ಉತ್ಪನ್ನಗಳ ತಂತ್ರಜ್ಞಾನ) ವಿಷಯ, ಅದರಲ್ಲೂ ಮಾಂಸದ ಭಾಗ, ನನಗೆ ತುಂಬ ಹಿಡಿಸಿದೆ. ಅದರಲ್ಲೇ ಎಂ.ವಿ.ಎಸ್ಸಿ., ಪಿಎಚ್.ಡಿ. ಮುಗಿಸಿ ಕಾಲೇಜಿನಲ್ಲಿ ಪಾಠ, ಸಂಶೋಧನೆ ಮಾಡಬೇಕೆಂಬ ಆಸೆ. ಆದರೆ ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ, ನಾನೂ ತಿನ್ನುವುದಿಲ್ಲ. ಅಪ್ಪ ‘ಐದೂವರೆ ವರ್ಷ ಓದಿದ್ದು ಕಸಾಯಿಖಾನೇಲಿ ನಿಲ್ಲೋದಕ್ಕಾ?’ ಅಂತಾರೆ. ಸೀನಿಯರ್‌ಗಳು ‘ಸಾಸೇಜು ಮಾಡ್ಕೊಂಡು ಕೂರ್ತೀಯ, ಪೋಸ್ಟೂ ಇಲ್ಲ, ಸರ್ಜರಿ ತಗೋ’ ಅಂತಾರೆ. ರುಚಿ ನೋಡದೆ ಸಂಶೋಧನೆ ಮಾಡಲಾಗುತ್ತದೆಯೆ? ಪ್ರಾಧ್ಯಾಪಕರ ದಿನ ನಿಜಕ್ಕೂ ಹೇಗಿರುತ್ತದೆ? ಹುದ್ದೆ ಸಿಗದಿದ್ದರೆ ಏನು ದಾರಿ?

ಉತ್ತರ: ನಿಮ್ಮ ಪತ್ರದಲ್ಲಿ ಎದ್ದು ಕಾಣುವುದು ರುಚಿಯ ಚಿಂತೆ. ಅದು ಚಿಕ್ಕ ತೊಡಕು. ಈ ವಿಷಯಕ್ಕೆ ಬಂದು ಅರ್ಧದಲ್ಲಿ ಕೈಚೆಲ್ಲಿದವರಲ್ಲಿ ಹೆಚ್ಚಿನವರು ಸೋತದ್ದು ಗಡಿಯಾರಕ್ಕೆ. ಕುರಿ ಕೊಯ್ದ ಗಳಿಗೆಯಿಂದ ಅದರ ಸ್ನಾಯು ತನ್ನ ಪಾಡಿಗೆ ಬದಲಾಗುತ್ತ ಹೋಗುತ್ತದೆ. ನಿಮಗೆ ಹಬ್ಬವಿದೆಯೊ ಜ್ವರವಿದೆಯೊ ಅದಕ್ಕೆ ಗೊತ್ತಿಲ್ಲ. ಬೆಳಗಿನ ನಾಲ್ಕೂವರೆಗೆ ಕಸಾಯಿಖಾನೆಯಲ್ಲಿರಬೇಕು, ಒಂದನೇ ಗಂಟೆ, ಮೂರನೇ ಗಂಟೆ, ಆರನೇ ಗಂಟೆ, ಮರುದಿನ ಅದೇ ಹೊತ್ತಿಗೆ ಇಪ್ಪತ್ನಾಲ್ಕನೇ ಗಂಟೆಯ ಅಳತೆ ತೆಗೆಯಬೇಕು. ಆರನೇ ಗಂಟೆಯದು ತಪ್ಪಿದರೆ ಆ ಪ್ರಾಣಿಯ ಲೆಕ್ಕವೇ ಹೋಯಿತು. ಇಷ್ಟಕ್ಕೆ ಸೈರಣೆ ಇದೆಯೇ ಎಂದು ಮೊದಲು ಕೇಳಿಕೊಳ್ಳಿ.

ರುಚಿಯ ವಿಚಾರ ಮುಗಿಸಿಬಿಡೋಣ. ಬೇಯಿಸಿದ ಮಾಂಸವನ್ನಾಗಲಿ ಹೊಸ ಉತ್ಪನ್ನವನ್ನಾಗಲಿ ರುಚಿ ನೋಡುವುದು ಪ್ಯಾನೆಲ್‌ನವರ ಕೆಲಸ. ನಮ್ಮ ಪಶುವೈದ್ಯಕೀಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಏಳೆಂಟು ಮಂದಿ ಅಧ್ಯಾಪಕರು, ಸ್ನಾತಕೋತ್ತರ ವಿದ್ಯಾರ್ಥಿಗಳು ಕೂರುತ್ತಾರೆ. ಬಣ್ಣ, ಪರಿಮಳ, ರಸ, ಮೃದುತನ, ಒಟ್ಟಾರೆ ಒಪ್ಪಿಗೆ ಒಂದೊಂದಕ್ಕೂ 8 ಅಂಕದ ಮಾಪಕದಲ್ಲಿ ಅಂಕ ಕೊಡುತ್ತಾರೆ. ತಟ್ಟೆಯ ಮೇಲೆ ಅರ್ಥವಿಲ್ಲದ ಮೂರಂಕಿಯ ಗುರುತು, ಎರಡು ತುಣುಕುಗಳ ನಡುವೆ ಬಾಯಿ ಮುಕ್ಕಳಿಸಲು ಉಗುರುಬೆಚ್ಚನೆಯ ನೀರು. ಯಾವ ತಟ್ಟೆಯಲ್ಲಿ ಯಾವುದಿದೆ ಎಂದು ತಿಳಿದವರು ಪ್ಯಾನೆಲ್‌ನಲ್ಲಿ ಕೂರಬಾರದು, ಯಾಕೆಂದರೆ ನಾಲಿಗೆಗಿಂತ ಮೊದಲು ಮನಸ್ಸು ಅಂಕ ಹಾಕಿಬಿಡುತ್ತದೆ. ಅಂದರೆ ವಾರಕ್ಕೆ ನಾಲ್ಕು ದಿನ ಬಾಡೂಟ ಮಾಡುವ ಸಂಶೋಧಕರೂ ತಮ್ಮ ಪ್ರಯೋಗದ ದಿನ ಉಪವಾಸವೇ.

ತೊಡಕು ಬರುವುದು ಅದಕ್ಕೂ ಮುಂಚಿನ ಹಂತದಲ್ಲಿ. ಹೊಸ ನಗೆಟ್ಟಿನ ಮಿಶ್ರಣವನ್ನು ಹದಕ್ಕೆ ತರುವಾಗ ಉಪ್ಪು, ಮಸಾಲೆ ಹತ್ತು ಸಲ ತಿದ್ದಬೇಕಾಗುತ್ತದೆ. ಹಸಿ ಮಿಶ್ರಣವನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು. ಒಂದಿಷ್ಟು ತೆಗೆದು ಕಾವಲಿಯ ಮೇಲೆ ಪೂರ್ತಿ ಬೇಯಿಸಿಯೇ ನೋಡಬೇಕು. ಆ ಕೆಲಸಕ್ಕೆ ನಿಮಗೆ ನಂಬಿಕೆಯ ಜೊತೆಗಾರರೊಬ್ಬರು ಬೇಕು. ಸಿಗದಿದ್ದರೆ ಉತ್ಪನ್ನ ಅಭಿವೃದ್ಧಿಯ ಬದಲು ಮಾಂಸದ ಗುಣಮಟ್ಟ, ಸೂಕ್ಷ್ಮಜೀವಿ ಸುರಕ್ಷತೆ, ಯಾವ ಪ್ರಾಣಿಯ ಮಾಂಸ ಎಂಬ ಪತ್ತೆ ಇಂಥ ದಾರಿ ಹಿಡಿಯಿರಿ. ಅಲ್ಲಿ ಉಪಕರಣವೇ ಮಾತಾಡುತ್ತದೆ.

ನಿಮ್ಮ ತಂದೆಯವರ ಮಾತಿನಲ್ಲಿ ಎರಡು ಸಂಗತಿ ಬೆರೆತಿವೆ. ಕೊಯ್ಯುವುದು ಒಂದು ಕಸುಬು. ಕೊಯ್ಯುವ ಮೊದಲು ಪ್ರಾಣಿಯನ್ನೂ, ಕೊಯ್ದ ಮೇಲೆ ಅದರ ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳನ್ನೂ ಪರೀಕ್ಷಿಸಿ ತಿನ್ನಲು ಯೋಗ್ಯ ಎಂದು ಹೇಳುವುದು ಪಶುವೈದ್ಯರ ಕೆಲಸ. 2001ರ ಪ್ರಾಣಿ ಹಿಂಸೆ ತಡೆ (ಕಸಾಯಿಖಾನೆ) ನಿಯಮಗಳು ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷಿಸಬಾರದು ಎಂದು ಮಿತಿಯನ್ನೂ ಹಾಕಿವೆ. ನೀವು ಸರ್ಜರಿ ಓದಿದರೂ ನಗರಸಭೆಯ ಕಸಾಯಿಖಾನೆಗೆ ನಿಯೋಜನೆಯಾಗುವ ಸಾಧ್ಯತೆ ಇದ್ದೇ ಇದೆ. ಪದವಿಯ ಜೊತೆಗೇ ಬರುವ ಹೊಣೆ ಅದು. ಇನ್ನೊಂದು ಮಾತು: ಅಲ್ಲಿ ಕೆಲಸ ಮಾಡುವವರನ್ನು ಕೀಳಾಗಿ ಕಂಡವರಿಗೆ ಒಳ್ಳೆಯ ಸ್ಯಾಂಪಲ್ ಸಿಕ್ಕಿದ್ದಿಲ್ಲ. ಚಾಕು ತಾಗಿಸದೆ ಮುಷ್ಟಿ ತೂರಿಸಿ ಕುರಿಯ ಚರ್ಮ ಬಿಡಿಸುವ ಕೈಚಳಕದಿಂದಲೇ ಮಾಂಸದ ಮೇಲ್ಮೈಗೆ ಉಣ್ಣೆಯ ಕೊಳೆ ತಾಗದೆ ಉಳಿಯುತ್ತದೆ. ಸೂಕ್ಷ್ಮಜೀವಿಗಳ ಎಣಿಕೆಯಲ್ಲಿ ಆ ಕೈಯ ಗುಣ ನೇರವಾಗಿ ಕಾಣುತ್ತದೆ. ಯಾವ ಪಠ್ಯಪುಸ್ತಕದಿಂದಲೂ ಅದನ್ನು ಕಲಿಯಲಾಗದು.

ನಿಮ್ಮ ಸುರಕ್ಷತೆಯ ವಿಷಯವನ್ನು ಮಾತ್ರ ತಂದೆಯವರು ಕೇಳದಿದ್ದರೂ ನೀವೇ ಕೇಳಿಕೊಳ್ಳಬೇಕು. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಜ್ವರ ಕಸಾಯಿಖಾನೆಯ ಜನರಿಗೆ ತಗಲುವ ಹಳೆಯ ಕಾಯಿಲೆ. ಗರ್ಭಕೋಶ, ಕೆಚ್ಚಲನ್ನು ಬರಿಗೈಯಲ್ಲಿ ಬಿಡಿಸಬೇಡಿ. ಕೈಯಲ್ಲಿ ಗಾಯವಿದ್ದರೆ ಆ ದಿನ ಅಳತೆ ಬರೆದುಕೊಳ್ಳುವ ಕೆಲಸ ಮಾತ್ರ.

ಇನ್ನು ‘ಸಾಸೇಜು ಮಾಡುವ ವಿಷಯ’ ಎಂಬ ಗೇಲಿ. ನಮ್ಮ ಎಷ್ಟೋ ಥೀಸಿಸ್‌ಗಳು ‘ಇಂಥ ಹಿಟ್ಟು ಸೇರಿಸಿದ ಕೋಳಿ ನಗೆಟ್ಟು’ ಎಂಬಲ್ಲೇ ಸುತ್ತುತ್ತವೆ, ಹಾಗಾಗಿ ಸೀನಿಯರ್‌ಗಳ ಮಾತು ಪೂರ್ತಿ ಸುಳ್ಳಲ್ಲ. ಆದರೆ ವಿಷಯದ ತಿರುಳು ಬೇರೆ: ಸ್ನಾಯು ಮಾಂಸವಾಗುವ ಆ ಒಂದು ದಿನ. ಹೊಸತೊಡಕನ್ನೇ ನೋಡಿ. ಯುಗಾದಿಯ ಮರುದಿನ, ಹಳೇ ಮೈಸೂರು ಕಡೆ ವರ್ಷವಿಡೀ ಚೀಟಿ ಕಟ್ಟಿದವರು ಸೇರಿ ನಸುಕಿನಲ್ಲೇ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಒಂದೇ ಕುರಿಯ ಗುಡ್ಡೆಬಾಡು ಮೂರು ಮನೆಗೆ ಹೋಯಿತೆನ್ನಿ. ಒಬ್ಬರು ಮನೆಗೆ ತಂದವರೇ ಒಲೆಗೆ ಏರಿಸಿದರು. ಇನ್ನೊಬ್ಬರು ಮಧ್ಯಾಹ್ನ ಬೇಯಿಸಿದರು. ಮೂರನೆಯವರು ನೆಂಟರು ಭಾನುವಾರ ಬರುತ್ತಾರೆಂದು ಸಣ್ಣಗೆ ತುಂಡು ಮಾಡಿ ಆಗಲೇ ಫ್ರೀಜರಿಗೆ ತುಂಬಿದರು. ಮೊದಲನೆಯವರದು ಪರವಾಗಿಲ್ಲ, ಎರಡನೆಯವರದು ಗಟ್ಟಿ, ಮೂರನೆಯವರದು ರಬ್ಬರು, ಜೊತೆಗೆ ಪಾತ್ರೆ ತುಂಬ ಕೆಂಪು ನೀರು. ‘ಮುದಿ ಕುರಿ ಹಾಕಿದ’ ಎಂದು ಬೈಸಿಕೊಳ್ಳುವುದು ಕುರಿ ತಂದವನು.

ಕುರಿಯ ತಪ್ಪೇನೂ ಇಲ್ಲ. ಉಸಿರು ನಿಂತ ಮೇಲೆ ಸ್ನಾಯು ತನ್ನಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜನ್ನನ್ನು ಆಮ್ಲಜನಕವಿಲ್ಲದೆ ಉರಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. 7ರ ಆಸುಪಾಸಿನ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) ನಿಧಾನವಾಗಿ 5.4ರಿಂದ 5.8ರ ನಡುವೆ ಬಂದು ನಿಲ್ಲುತ್ತದೆ. ಶಕ್ತಿ ಪೂರ್ತಿ ಬತ್ತಿದಾಗ ಆಕ್ಟಿನ್, ಮಯೋಸಿನ್ ಎಳೆಗಳು ಒಂದಕ್ಕೊಂದು ಬೀಗ ಹಾಕಿಕೊಳ್ಳುತ್ತವೆ. ಸೆಟೆದುಕೊಳ್ಳುವುದು ಎನ್ನುವುದು ಇದನ್ನೇ. ಬೀಗ ಬೀಳುವ ಮೊದಲೇ ಬೇಯಿಸಿದ್ದು ಮೊದಲ ಮನೆ, ಬೀಗ ಬಿದ್ದಾಗ ಬೇಯಿಸಿದ್ದು ಎರಡನೆಯದು. ಬಿಟ್ಟರೆ ಕ್ಯಾಲ್ಪೇನ್ ಎಂಬ ಕಿಣ್ವಗಳು ದಿನ ಕಳೆದಂತೆ ಎಳೆಗಳ ಕಟ್ಟನ್ನು ಸಡಿಲಿಸುತ್ತವೆ. ಮೂರನೇ ಮನೆಯಲ್ಲಿ ಆದದ್ದು ಬೇರೆ. ಪಿಎಚ್ ಇನ್ನೂ 6ರ ಮೇಲಿರುವಾಗ ಸ್ನಾಯು 10 ಡಿಗ್ರಿಗಿಂತ ತಣ್ಣಗಾದರೆ, ಒಳಗೆ ಕೂಡಿಟ್ಟಿದ್ದ ಕ್ಯಾಲ್ಸಿಯಂ ಸೋರಿ ಸ್ನಾಯು ತಾನಾಗಿಯೇ ಕುಗ್ಗುತ್ತದೆ. ಸೆಟೆಯುವ ಮೊದಲೇ ಹೆಪ್ಪುಗಟ್ಟಿಸಿದ್ದನ್ನು ಕರಗಿಸಿದಾಗಲಂತೂ ಇನ್ನೂ ಜೋರಾಗಿ ಕುಗ್ಗಿ ನೀರು ಕಾರುತ್ತದೆ. ಎಲುಬಿನ ಮೇಲಿದ್ದಾಗ ಎಲುಬೇ ಹಿಡಿದುಕೊಳ್ಳುತ್ತದೆ. ಬಿಡಿಸಿದ ಸಣ್ಣ ತುಂಡುಗಳಿಗೆ ತಡೆಯೇ ಇಲ್ಲ. 1960ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ಇದನ್ನು ಅಳೆದು ತೋರಿಸಿದರು. ಬೇಗ ತಣ್ಣಗೆ ಮಾಡಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಕುಗ್ಗುವಿಕೆ ಎಲ್ಲಕ್ಕಿಂತ ಕಡಿಮೆ ಇದ್ದದ್ದು 14ರಿಂದ 19 ಡಿಗ್ರಿಯ ನಡುವೆ.

ಈ ಪಿಎಚ್ ಎಂಬ ಒಂದು ಅಂಕಿಯೇ ರಫ್ತಿನ ಬಾಗಿಲನ್ನೂ ಕಾಯುತ್ತದೆ. ಎಮ್ಮೆ ಮಾಂಸದ ರಫ್ತಿನಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, ಆದರೆ ಕಾಲುಬಾಯಿ ಜ್ವರವೂ ನಮ್ಮಲ್ಲಿದೆ. ಆ ವೈರಾಣು 6ಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಬದುಕುವುದಿಲ್ಲ. ಅದಕ್ಕೇ ಕ್ಯಾರ್ಕಸನ್ನು (ಚರ್ಮ, ಕರುಳು ತೆಗೆದ ಇಡೀ ದೇಹ) 2 ಡಿಗ್ರಿಗಿಂತ ಮೇಲಿನ ಉಷ್ಣತೆಯಲ್ಲಿ ಕನಿಷ್ಠ 24 ಗಂಟೆ ತೂಗುಹಾಕಿ, ಬೆನ್ನಿನ ಉದ್ದಸ್ನಾಯುವಿನ ನಟ್ಟನಡುವೆ ಪಿಎಚ್ 6ಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡಬೇಕು. ಮಜ್ಜೆಯಲ್ಲೂ ದುಗ್ಧಗ್ರಂಥಿಗಳಲ್ಲೂ ಆಮ್ಲ ಅಷ್ಟು ಏರುವುದಿಲ್ಲವಾದ್ದರಿಂದ ಎಲುಬು, ಗ್ರಂಥಿ ತೆಗೆದೇ ಕಳಿಸುತ್ತಾರೆ. ಲಾರಿಯಲ್ಲಿ ಎರಡು ದಿನ ನಿಂತು ದಣಿದು ಬಂದ ಪ್ರಾಣಿಯಲ್ಲಿ ಗ್ಲೈಕೋಜನ್ನೇ ಉಳಿದಿರುವುದಿಲ್ಲ. ಪಿಎಚ್ ಇಳಿಯುವುದಿಲ್ಲ, ಮಾಂಸ ಕಪ್ಪಾಗಿ ಒಣಗಿದಂತೆ ಕಾಣುತ್ತದೆ, ಬೇಗ ಕೆಡುತ್ತದೆ. ಪ್ರಾಣಿಯನ್ನು ದಯೆಯಿಂದ ಸಾಗಿಸಬೇಕು ಎಂದು ತರಗತಿಯಲ್ಲಿ ಹೇಳುವಾಗ ಕೈಯಲ್ಲಿ ಇಂಥ ಅಂಕಿ ಇದ್ದರೆ ಕೇಳುವವರಿಗೆ ನಾಟುತ್ತದೆ.

ಪಿಎಚ್ ಅಳೆಯುವುದೇನು ಮಹಾ ಎನ್ನಬೇಡಿ. ಹೊಸಬರ ಅರ್ಧ ಥೀಸಿಸ್ ಕೆಡುವುದು ಅಲ್ಲೇ. 10 ಗ್ರಾಂ ಮಾಂಸವನ್ನು 50 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಒಂದು ನಿಮಿಷ ಅರೆದು ಎಲೆಕ್ಟ್ರೋಡ್ ಅದ್ದುವುದು ವಾಡಿಕೆ. ಮರುದಿನದ ಮಾಂಸಕ್ಕೆ ಇದು ಸರಿ. ಕೊಯ್ದು ಒಂದು ಗಂಟೆಯಾದ ಮಾಂಸವನ್ನು ಹೀಗೇ ಬರೀ ನೀರಲ್ಲಿ ಅರೆದರೆ, ಅರೆಯುತ್ತಿರುವಾಗಲೇ ಗ್ಲೈಕೋಜನ್ ಉರಿದು ಪಿಎಚ್ ಇಳಿದುಬಿಡುತ್ತದೆ. ನಿಮ್ಮ ಕಾಗದದ ಮೇಲೆ 6.2 ಎಂದು ಬರುತ್ತದೆ, ಪ್ರಾಣಿಯಲ್ಲಿ ಇದ್ದದ್ದು 6.7. ಅದಕ್ಕೆ ನೀರಿನ ಬದಲು 5 ಮಿಲಿಮೋಲಾರ್ ಅಯೋಡೋಅಸಿಟೇಟ್, 150 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುವ, ಪಿಎಚ್ 7ಕ್ಕೆ ಹೊಂದಿಸಿದ ದ್ರಾವಣ ಬಳಸಬೇಕು; ಅಯೋಡೋಅಸಿಟೇಟ್ ಆ ಉರಿತವನ್ನು ನಿಲ್ಲಿಸುತ್ತದೆ. ಅದು ವಿಷ, ಕೈಗವಸು ಬೇಕೇ ಬೇಕು. ನೇರವಾಗಿ ಮಾಂಸಕ್ಕೆ ಚುಚ್ಚುವ ಎಲೆಕ್ಟ್ರೋಡ್ ಇದ್ದರೆ 4 ಮತ್ತು 7ರ ಬಫರನ್ನು (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಮಾಂಸದ ಉಷ್ಣತೆಗೇ ತಂದು ಹೊಂದಿಸಿಕೊಳ್ಳಿ, ಚಾಕುವಿನಿಂದ ಮೊದಲು ಸೀಳಿ ಆಮೇಲೆ ತೂರಿಸಿ. ಎಲುಬಿಗೆ ಒಂದು ಸಲ ತಾಗಿದರೆ ಗಾಜಿನ ತುದಿ ಹೋಯಿತು. ನಾಲ್ಕು ಕುರಿ ಆಗುವಷ್ಟರಲ್ಲಿ ಕೊಬ್ಬು ಮೆತ್ತಿಕೊಂಡು ಅಂಕಿ ಸರಿಯಾಗಿ ನಿಲ್ಲುವುದೇ ಇಲ್ಲ. ಮೆತ್ತನೆ ಬಟ್ಟೆ, ಸೋಪಿನ ನೀರು ಪಕ್ಕದಲ್ಲಿರಲಿ.

ಮೃದುತನ ಅಳೆಯಲು ವಾರ್ನರ್–ಬ್ರಾಟ್ಸ್ಲರ್ ಅಲಗು ಇದೆ. ಮಾಂಸದ ಒಳಗಿನ ಉಷ್ಣತೆ 71 ಡಿಗ್ರಿ ಮುಟ್ಟುವ ತನಕ ಬೇಯಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಎಳೆಗಳ ಜಾಡಿನಲ್ಲೇ 1.27 ಸೆಂಟಿಮೀಟರ್ ವ್ಯಾಸದ ಕೊಳವೆಯಿಂದ ಕನಿಷ್ಠ ಆರು ತುಣುಕು ತೆಗೆದು, ಎಳೆಗಳಿಗೆ ಅಡ್ಡವಾಗಿ ಕತ್ತರಿಸಲು ಎಷ್ಟು ಬಲ ಬೇಕು ಎಂದು ನೋಡುವುದು. ಬಿಸಿ ಇರುವಾಗಲೇ ತುಣುಕು ತೆಗೆದರೆ ಕೊಳವೆಯೊಳಗೆ ಅದು ಮರಳುಗಡಿಯಾರದ ಹಾಗೆ ನಡು ಸಣ್ಣಗಾಗಿ ಬರುತ್ತದೆ, ಬಲ ಕಡಿಮೆ ತೋರಿಸುತ್ತದೆ. ಜಾಡು ತಪ್ಪಿ ಓರೆಯಾಗಿ ತೆಗೆದ ತುಣುಕನ್ನು ‘ಸಂಖ್ಯೆ ಸಾಲದು’ ಎಂದು ಸೇರಿಸಿಕೊಳ್ಳಬೇಡಿ, ಎಸೆಯಿರಿ.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಎಣಿಕೆಯದು. ಒಂದು ಕುರಿಯ ತೊಡೆಯನ್ನು ಮೂರು ಪಾಲು ಮಾಡಿ ‘ಮೂರು ಪುನರಾವರ್ತನೆ’ ಎಂದು ಬರೆಯುವುದು. ಅದು ಒಂದೇ ಕುರಿ, ಆದ್ದರಿಂದ ಒಂದೇ ಎಣಿಕೆ. ಸಂಸ್ಕರಣಾ ಪ್ರಯೋಗದಲ್ಲೂ ಹಾಗೇ: ಬೇರೆ ಬೇರೆ ದಿನ, ಬೇರೆ ಮಾಂಸದಿಂದ ಮಾಡಿದ ಬ್ಯಾಚು ಮಾತ್ರ ಪುನರಾವರ್ತನೆ. ನಾಲ್ಕು ಬಗೆಯ ಮಿಶ್ರಣ, ಒಂದೊಂದು ಬ್ಯಾಚಿಗೆ 2 ಕೆ.ಜಿ., ಮೂರು ಸಲ ಎಂದರೆ 24 ಕೆ.ಜಿ. ಎಲುಬಿಲ್ಲದ ಮಾಂಸ ಬೇಕು, 20 ಕೆ.ಜಿ.ಯ ಜೀವಂತ ಕುರಿಯಿಂದ ಕ್ಯಾರ್ಕಸ್ ಸಿಗುವುದೇ 9–10 ಕೆ.ಜಿ., ಅದರಲ್ಲಿ ಎಲುಬು, ಕೊಬ್ಬು ಕಳೆಯಬೇಕು. ಹಣದ ಲೆಕ್ಕ ಹಾಕಿದರೆ ನಮ್ಮ ಥೀಸಿಸ್‌ಗಳಲ್ಲಿ ಕೋಳಿ ಯಾಕೆ ಅಷ್ಟೊಂದು ಎಂದು ತಿಳಿಯುತ್ತದೆ. ಮಿಶ್ರಣ ಅರೆಯುವಾಗ ನೀರಿನ ಬದಲು ಮಂಜುಗಡ್ಡೆ ಚೂರು ಹಾಕಿ, ಉಷ್ಣತೆ 12 ಡಿಗ್ರಿಯ ಆಸುಪಾಸು ದಾಟದಂತೆ ನೋಡಿಕೊಳ್ಳಬೇಕು. ದಾಟಿದರೆ ಕೊಬ್ಬು ಬಿಟ್ಟುಕೊಂಡು ಬೇಯಿಸುವಾಗ ಎಣ್ಣೆ ಬೇರೆ, ಮಾಂಸ ಬೇರೆ. ಅದನ್ನು ಮೊದಲೇ ಹಿಡಿಯಲು 25 ಗ್ರಾಂ ಮಿಶ್ರಣವನ್ನು ಪ್ಲಾಸ್ಟಿಕ್ ಚೀಲದಲ್ಲಿ 80 ಡಿಗ್ರಿ ನೀರಲ್ಲಿ 20 ನಿಮಿಷ ಇಟ್ಟು, ಸೋರಿದ್ದನ್ನು ಬಸಿದು ಉಳಿದದ್ದನ್ನು ತೂಗುವ ಸರಳ ಪರೀಕ್ಷೆ ಇದೆ. ಬಾಳಿಗ ಮತ್ತು ಮಾದಯ್ಯ 1970ರಲ್ಲಿ ಮಟನ್ ಸಾಸೇಜಿನ ಬಗ್ಗೆ ಬರೆದ ಲೇಖನದ್ದು. ಇಂದಿಗೂ ದೇಶದ ಎಲ್‌ಪಿಟಿ ವಿಭಾಗಗಳಲ್ಲಿ ಅದನ್ನೇ ಮಾಡುತ್ತಾರೆ. ಸಾಸೇಜನ್ನು ಗೇಲಿ ಮಾಡುವ ಸೀನಿಯರ್‌ಗಳಿಗೆ ಈ ಎರಡು ಹೆಸರು ಹೇಳಿ ನೋಡಿ.

ಹಳಸುವಿಕೆ ಅಳೆಯುವ ಟಿಬಿಎ (ಥಯೋಬಾರ್ಬಿಟ್ಯೂರಿಕ್ ಆಮ್ಲ) ಪರೀಕ್ಷೆಯಲ್ಲಿ ಎಡವಿ ಬೀಳುವ ಒಂದು ಗುಂಡಿ ಇದೆ. ನೈಟ್ರೈಟ್ ಹಾಕಿದ ಉತ್ಪನ್ನಕ್ಕೆ ಸಲ್ಫಾನಿಲಮೈಡ್ ಸೇರಿಸದೆ ಮಾಡಿದರೆ ನೈಟ್ರೈಟು, ಕೊಬ್ಬು ಹಳಸಿದಾಗ ಹುಟ್ಟುವ ಮ್ಯಾಲೊನಾಲ್ಡಿಹೈಡನ್ನು ಹಿಡಿದಿಟ್ಟುಕೊಂಡು ಅಂಕಿ ಕಡಿಮೆ ಬರುತ್ತದೆ. ‘ನಮ್ಮ ಸೊಪ್ಪಿನ ಸಾರದಿಂದ ಹಳಸುವಿಕೆ ನಿಂತಿತು’ ಎಂದು ಸಂಭ್ರಮಪಡುವ ಮೊದಲು ಇದನ್ನು ನೋಡಿಕೊಳ್ಳಿ.

ದಿನ ಹೇಗಿರುತ್ತದೆ ಎಂದು ಕೇಳಿದ್ದೀರಿ. ಮೊದಲ ಅಚ್ಚರಿ: ನಮ್ಮಲ್ಲಿ ಬರೀ ಮಾಂಸದ ಪ್ರಾಧ್ಯಾಪಕ ಎಂಬ ಹುದ್ದೆ ಸಾಮಾನ್ಯವಾಗಿ ಇರುವುದಿಲ್ಲ. ಎಲ್‌ಪಿಟಿ ಎಂದರೆ ಹಾಲು, ಮಾಂಸ, ಮೊಟ್ಟೆ, ಉಣ್ಣೆ, ಚರ್ಮ, ಕಸಾಯಿಖಾನೆಯ ಉಪಉತ್ಪನ್ನ ಎಲ್ಲವೂ. ಬೆಳಗ್ಗೆ ಹಾಲಿನ ಕೊಬ್ಬಿನ ಗರ್ಬರ್ ಪರೀಕ್ಷೆ ತೋರಿಸಿ ಮಧ್ಯಾಹ್ನ ಕ್ಯಾರ್ಕಸ್ ಪರೀಕ್ಷೆಗೆ ಹುಡುಗರನ್ನು ಕರೆದೊಯ್ಯಬೇಕಾಗುತ್ತದೆ. ಪಾಠ, ಪ್ರಾಕ್ಟಿಕಲ್, ಮೌಲ್ಯಮಾಪನ, ಸ್ನಾತಕೋತ್ತರ ವಿದ್ಯಾರ್ಥಿಗಳ ಗೈಡ್ ಕೆಲಸ, ರೈತರಿಗೆ, ಸಣ್ಣ ಉದ್ಯಮಿಗಳಿಗೆ ತರಬೇತಿ, ಯೋಜನೆಗೆ ಹಣ ಕೇಳುವ ಅರ್ಜಿ, ಕೆಟ್ಟು ನಿಂತ ಬೌಲ್ ಚಾಪರಿನ (ಮಾಂಸ ಅರೆಯುವ ಯಂತ್ರ) ಬಿಡಿಭಾಗಕ್ಕೆ ಟೆಂಡರು. ಕೊನೆಯದು ಗೇಲಿಯಲ್ಲ. ಚಿಲ್ಲರ್ ಕಂಪ್ರೆಸರ್ ಶುಕ್ರವಾರ ಸಂಜೆ ನಿಂತರೆ ಸೋಮವಾರಕ್ಕೆ ಮೂರು ತಿಂಗಳ ಸ್ಯಾಂಪಲ್ ಹಾಳು. ಹಾಗಾಗಿ ಅಧ್ಯಾಪಕರಿಗೆ ಸ್ವಲ್ಪ ರೆಫ್ರಿಜರೇಷನ್ ಮೆಕ್ಯಾನಿಕ್‌ನ ಬುದ್ಧಿಯೂ ಇರಬೇಕು.

ಅಮೆರಿಕದಲ್ಲಿ ಚಿತ್ರ ಬೇರೆ. ಅಲ್ಲಿ ಟೆಕ್ಸಸ್ ಎ ಅಂಡ್ ಎಂ, ಕಾನ್ಸಾಸ್ ಸ್ಟೇಟ್, ಅಯೋವಾ ಸ್ಟೇಟ್‌ನಂಥ ವಿಶ್ವವಿದ್ಯಾಲಯಗಳ ಪಶುವಿಜ್ಞಾನ ವಿಭಾಗದಲ್ಲಿ ಮಾಂಸವಿಜ್ಞಾನಿಯ ಹುದ್ದೆಯನ್ನು ಇಷ್ಟು ಪಾಲು ಬೋಧನೆ, ಇಷ್ಟು ಪಾಲು ಸಂಶೋಧನೆ ಎಂದು ನೇಮಕದ ಪತ್ರದಲ್ಲೇ ಹಂಚಿರುತ್ತಾರೆ. ವಿಭಾಗದ ಬಳಿಯೇ ಮಾಂಸದ ಪ್ರಯೋಗಶಾಲೆ. ವಿದ್ಯಾರ್ಥಿಗಳ ತಂಡಗಳು ಕ್ಯಾರ್ಕಸ್ ದರ್ಜೆ ಹೇಳುವ ಸ್ಪರ್ಧೆಗೆ ಹೋಗುತ್ತವೆ. ಭಾರತದ ಪಶುವೈದ್ಯ ಪದವೀಧರರು ಅಲ್ಲಿ ಪಿಎಚ್.ಡಿ. ಮಾಡಿ ಪ್ರಾಧ್ಯಾಪಕರಾದದ್ದೂ ಇದೆ. ಮಾಂಸದ ಬಣ್ಣ, ಅಂದರೆ ಮಯೋಗ್ಲೋಬಿನ್ನಿನ ರಸಾಯನಶಾಸ್ತ್ರದಲ್ಲಿ, ನಮ್ಮವರ ಕೆಲಸ ಗಟ್ಟಿಯಾಗಿದೆ. ಆದರೆ ಅಲ್ಲಿಯ ಸಂಶೋಧನೆಯ ಬೆನ್ನೆಲುಬು ದನ ಮತ್ತು ಹಂದಿ. ನಿಮಗೂ ಮನೆಯವರಿಗೂ ಅದು ಒಪ್ಪಿತವೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಮನಸ್ಸು ಬಿಚ್ಚಿ ಮಾತಾಡಿಕೊಳ್ಳಿ. ವಿಮಾನ ಹತ್ತಿದ ಮೇಲೆ ಬೇಡ.

ಕರ್ನಾಟಕದಲ್ಲಿ ಏನನ್ನು ಸಂಶೋಧಿಸಬಹುದು ಎಂಬುದಕ್ಕೂ ಗೆರೆಗಳಿವೆ. 2020ರ ಜಾನುವಾರು ವಧೆ ತಡೆ ಮತ್ತು ಸಂರಕ್ಷಣಾ ಕಾಯ್ದೆಯಡಿ ಹಸು, ಕರು, ಗೂಳಿ, ಎತ್ತುಗಳ ವಧೆ ನಿಷಿದ್ಧ. ಎಮ್ಮೆ–ಕೋಣ 13 ವರ್ಷ ದಾಟಿರಬೇಕು. ಹಾಗಾಗಿ ಎಮ್ಮೆ ಮಾಂಸದ ಗಂಭೀರ ಕೆಲಸ ಮಾಡುವವರು ಬೇರೆ ರಾಜ್ಯದ ಸಂಸ್ಥೆಗಳ ಜೊತೆ ಕೈಜೋಡಿಸುತ್ತಾರೆ. ಇಲ್ಲಿ ಉಳಿಯುವುದು ಕುರಿ, ಮೇಕೆ, ಕೋಳಿ, ಹಂದಿ. ಅದೇನು ಕಡಿಮೆಯಲ್ಲ. ಬನ್ನೂರು ಕುರಿಯ ಮಾಂಸದ ರುಚಿಯ ಬಗ್ಗೆ ಜನ ಆಣೆ ಮಾಡಿ ಹೇಳುತ್ತಾರೆ. ಅದೇ ವಯಸ್ಸಿನ, ಅದೇ ಮೇವು ತಿಂದ ಕೆಂಗುರಿ, ಡೆಕ್ಕನಿ, ಹಾಸನ ತಳಿಗಳ ಜೊತೆ ಕುರುಡು ಪ್ಯಾನೆಲ್ ಮುಂದಿಟ್ಟು ಕೊಬ್ಬಿನ ಹರಡುವಿಕೆ, ಕತ್ತರಿಸುವ ಬಲ ಅಳೆಯುವುದು ಒಳ್ಳೆಯ ಪ್ರಶ್ನೆ. ಕೊಡಗಿನ ಪಂದಿಕರಿಗೆ ಹಾಕುವ ಕಾಚಂಪುಳಿಯ ಹುಳಿ ಹಂದಿ ಮಾಂಸದ ಪಿಎಚ್ ಎಷ್ಟು ಇಳಿಸುತ್ತದೆ, ಎಷ್ಟು ದಿನ ಕೆಡದಂತೆ ಇಡುತ್ತದೆ ಎಂಬುದೂ ಹಾಗೇ. ಮಾಂಸ ಯಾವ ಪ್ರಾಣಿಯದು ಎಂಬ ಪತ್ತೆಗೆ ಪೊಲೀಸರು ಕಳಿಸುವ ಸ್ಯಾಂಪಲ್‌ಗಳಿಗೂ ತಿಳಿದವರು ಬೇಕು. ಬೇಯಿಸಿದ ಮಾಂಸದಲ್ಲಿ ಪ್ರೋಟೀನ್ ಆಧಾರಿತ ಪರೀಕ್ಷೆ ಕೈಕೊಡುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎಯ ಸಣ್ಣ ತುಣುಕನ್ನು ಪಿಸಿಆರ್‌ನಲ್ಲಿ ಬೆಳೆಸಿದರೆ ಸಿಗುತ್ತದೆ. ಆ ವರದಿ ಕೋರ್ಟಿಗೆ ಹೋಗುತ್ತದೆ, ನೀವೂ ಸಾಕ್ಷಿಯಾಗಿ ಹೋಗಬೇಕಾಗಬಹುದು. ಸ್ಯಾಂಪಲ್ಲಿನ ಮೊಹರು, ಬಂದ ಹೊತ್ತು, ಇಟ್ಟ ಜಾಗ ಬರೆದಿಡದ ಪ್ರಯೋಗಶಾಲೆ ಅಲ್ಲಿ ಸೋಲುತ್ತದೆ, ಪಿಸಿಆರ್ ಎಷ್ಟೇ ಚೆನ್ನಾಗಿದ್ದರೂ.

ಈಗ ಹುದ್ದೆಯ ಮಾತು. ಇಲ್ಲಿ ಸೀನಿಯರ್‌ಗಳು ಹೇಳಿದ್ದು ಹೆಚ್ಚುಕಡಿಮೆ ನಿಜ. ಒಂದು ಕಾಲೇಜಿನ ಎಲ್‌ಪಿಟಿ ವಿಭಾಗದಲ್ಲಿ ಮಂಜೂರಾದ ಹುದ್ದೆ ಬೆರಳೆಣಿಕೆಯವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ, ಗದಗದಂಥ ಕಡೆ ಕಾಲೇಜುಗಳಿದ್ದರೂ ಎಲ್ಲ ಕೂಡಿಸಿದರೆ ದೊಡ್ಡ ಸಂಖ್ಯೆಯಾಗುವುದಿಲ್ಲ, ನೇಮಕದ ಜಾಹೀರಾತು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬರುವ ತನಕ ಗುತ್ತಿಗೆ ಬೋಧನೆಯಲ್ಲಿ ವರ್ಷ ಸವೆಸುವ ಅಪಾಯ ನಿಜವಾದದ್ದು. ಎಂ.ವಿ.ಎಸ್ಸಿ.ಗೆ ಎರಡು ವರ್ಷ, ಪಿಎಚ್.ಡಿ.ಗೆ ಕನಿಷ್ಠ ಮೂರು, ಮೂವತ್ತು ಮುಟ್ಟಿರುತ್ತೀರಿ. ಯುಜಿಸಿಯ 2018ರ ಚೌಕಟ್ಟಿನಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲವೇತನ ತಿಂಗಳಿಗೆ 57,700 ರೂಪಾಯಿಯಿಂದ ಶುರು. ಪಿಎಚ್.ಡಿ. ಇದ್ದವರಿಗೆ ಅಲ್ಲಿಂದ 4, ಆಮೇಲೆ 5, ಮತ್ತೆ 3, ಮತ್ತೆ 3 ವರ್ಷದ ಮೆಟ್ಟಿಲು. ಎಲ್ಲ ಸಲೀಸಾಗಿ ನಡೆದರೂ ಪ್ರಾಧ್ಯಾಪಕರಾಗಲು 15 ವರ್ಷ. ಕೃಷಿ–ಪಶು ವಿಶ್ವವಿದ್ಯಾಲಯಗಳು ತಮ್ಮ ನಿಯಮಕ್ಕೆ ತಕ್ಕಂತೆ ಇದನ್ನು ಅಳವಡಿಸಿಕೊಳ್ಳುತ್ತವೆ, ಜಾಹೀರಾತಿನ ಅರ್ಹತೆಯ ಕಾಲಮ್ಮನ್ನು ಪದ ಪದವಾಗಿ ಓದಿ.

ಅದಕ್ಕೇ ಸ್ನಾತಕೋತ್ತರಕ್ಕೆ ಸೇರುವಾಗಲೇ ಎರಡು ದೋಣಿ ಸಿದ್ಧವಿರಲಿ. ಐಸಿಎಆರ್‌ನ (ಭಾರತೀಯ ಕೃಷಿ ಸಂಶೋಧನಾ ಮಂಡಳಿ) ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆದರೆ ಬರೇಲಿಯ ಇಜ್ಜತ್‌ನಗರದ ಐವಿಆರ್‌ಐಯಂಥ (ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ) ದೊಡ್ಡ ವಿಭಾಗ ಸಿಗಬಹುದು. ಅಲ್ಲಿನ ಗ್ರಂಥಾಲಯ, ಉಪಕರಣ, ಸಹಪಾಠಿಗಳ ಬಳಗ ಮುಂದೆ ಕೈಹಿಡಿಯುತ್ತದೆ. ಎಎಸ್‌ಆರ್‌ಬಿ (ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ) ನಡೆಸುವ, ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ಎಲ್‌ಪಿಟಿ ಪ್ರತ್ಯೇಕ ವಿಷಯ, ಎಂ.ವಿ.ಎಸ್ಸಿ. ಮುಗಿಯುತ್ತಿದ್ದಂತೆ ಮುಗಿಸಿಕೊಳ್ಳಿ, ಪಿಎಚ್.ಡಿ. ನಡುವೆ ಓದಲು ಪುರುಸೊತ್ತು ಸಿಗದು. ಅದೇ ಮಂಡಳಿಯ ಎಆರ್‌ಎಸ್ (ಕೃಷಿ ಸಂಶೋಧನಾ ಸೇವೆ) ಮೂಲಕ ವಿಜ್ಞಾನಿಯಾಗುವ ದಾರಿಯಿದೆ, ಹೈದರಾಬಾದಿನ ಚೆಂಗಿಚೆರ್ಲಾದ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆ ಇಂಥವರನ್ನೇ ತೆಗೆದುಕೊಳ್ಳುವುದು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ಹಿಂದೆ ಡಿಎಫ್‌ಆರ್‌ಎಲ್ ಎನಿಸಿದ್ದ ರಕ್ಷಣಾ ಆಹಾರ ಸಂಶೋಧನಾಲಯಗಳಲ್ಲೂ ಮಾಂಸದ ಕೆಲಸ ನಡೆಯುತ್ತದೆ. ಎರಡನೇ ದೋಣಿ ಆಹಾರ ಸುರಕ್ಷತೆ: ರಫ್ತು ಘಟಕಗಳ ಗುಣಮಟ್ಟ ವಿಭಾಗ, ಕೋಳಿ ಸಂಸ್ಕರಣಾ ಘಟಕ, ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ತಾಂತ್ರಿಕ ಹುದ್ದೆ. ಇದಕ್ಕೆ ನಗೆಟ್ಟಿನ ಥೀಸಿಸ್ಸಿಗಿಂತ ಸೂಕ್ಷ್ಮಜೀವಿ, ಔಷಧದ ಶೇಷ, ಪತ್ತೆಯ ಥೀಸಿಸ್ ಹೆಚ್ಚು ಬೆಲೆ ತರುತ್ತದೆ. ರಾಜ್ಯದ ಪಶುವೈದ್ಯಾಧಿಕಾರಿ ಹುದ್ದೆಗೆ ಕರೆ ಬಂದರೆ ನಾಚಿಕೆಪಡದೆ ಅರ್ಜಿ ಹಾಕಿ. ಸೇರಿದ ಮೇಲೂ ಉನ್ನತ ವ್ಯಾಸಂಗಕ್ಕೆ ಅನುಮತಿ ಕೇಳಬಹುದು. ಸರ್ಜರಿಗೆ ಹೋದರೆ ಖಾಸಗಿ ಪ್ರಾಕ್ಟೀಸಿನ ಆಸರೆ ಇದೆ, ಇಲ್ಲಿ ಅದಿಲ್ಲ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹುದ್ದೆಯೊಂದನ್ನೇ ಗುರಿಯಿಟ್ಟು ಈ ವಿಷಯಕ್ಕೆ ಬರಬೇಡಿ. ಗುಡ್ಡೆಬಾಡಿನ ಮೂರು ಮನೆಯ ಲೆಕ್ಕ ನಿಮ್ಮ ತಲೆಯಲ್ಲಿ ಗುಂಯ್‌ಗುಡುತ್ತಿದ್ದರೆ ಬನ್ನಿ.

ತೀರ್ಮಾನಿಸುವ ಮೊದಲು ಇಂಟರ್ನ್‌ಶಿಪ್ಪಿನಲ್ಲಿ ಒಂದು ಕೆಲಸ ಮಾಡಿ. ವಿಭಾಗದ ಪಿಎಚ್ ಮೀಟರನ್ನು ಕೇಳಿ ಪಡೆದು, ಕಸಾಯಿಖಾನೆಯ ವೈದ್ಯಾಧಿಕಾರಿಗಳ ಅನುಮತಿಯೊಂದಿಗೆ ಹತ್ತು ಕುರಿ ಆರಿಸಿ. ದಿನಕ್ಕೆ ಎರಡೇ, ಐದು ದಿನ. ಪ್ರತಿಯೊಂದರ ಬೆನ್ನಿನ ಸ್ನಾಯುವಿನ ಒಂದೇ ಜಾಗದಲ್ಲಿ 1, 3, 6, 24 ಗಂಟೆಗೆ ಪಿಎಚ್ ಮತ್ತು ಉಷ್ಣತೆ ಎರಡನ್ನೂ ಬರೆಯಿರಿ, ಗ್ರಾಫ್ ಎಳೆಯಿರಿ. ಕುರಿಗಳು ಎಷ್ಟು ದೂರದಿಂದ ಬಂದವು, ಎಷ್ಟು ಹೊತ್ತು ವಿಶ್ರಾಂತಿ ಸಿಕ್ಕಿತು ಎಂದು ತಂದವರನ್ನು ಕೇಳಿ ಪಕ್ಕದಲ್ಲಿ ಗುರುತು ಹಾಕಿ. ಹತ್ತರಲ್ಲಿ ಒಂದಾದರೂ ಉಳಿದವುಗಳ ಗೆರೆ ಬಿಟ್ಟು ಮೇಲೇ ನಿಲ್ಲುವ ಸಾಧ್ಯತೆ ಇದೆ. ಅದು ಯಾಕೆ ನಿಂತಿತು ಎಂದು ಐದನೇ ದಿನವೂ ನಿಮಗೆ ಕೆದಕಬೇಕೆನಿಸಿದರೆ ನಿಮ್ಮ ಪ್ರಶ್ನೆಗೆ ಅಲ್ಲೇ ಉತ್ತರವಿದೆ. ಗಂಬೂಟಿನೊಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ, ಚಿಲ್ಲರ್ ಕೋಣೆಯಲ್ಲಿ ಮೊದಲು ಮರಗಟ್ಟುವುದು ಕಾಲು.